ಅಪ್ಪನ ಹುದ್ದೆ

ಈ ನೆನಪುಗಳನ್ನು ಬರೆಯಲು ನಾನು ತಕ್ಕವಳು ಹೌದೋ ಅಲ್ಲವೋ ಎಂಬ ಅಳುಕು ಇನ್ನೂ ಹೋಗಿಲ್ಲ. ಸಿನಿಮಾದ ಚರಿತ್ರೆಯನ್ನು ನಾನು ಕ್ರಮವಾಗಿ ಅಭ್ಯಾಸ ಮಾಡಿದವಳಲ್ಲ. ಹಾಲಿವುಡ್ಡಿನ ಒಂದು ದೊಡ್ಡ ಸ್ಟುಡಿಯೋದ ಬಗ್ಗೆ ನನಗೆ ಗೊತ್ತಿರುವುದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿದ್ದು ಮಾತ್ರ; ಅದರಲ್ಲೂ ಕಿವಿಗೊಟ್ಟು ಕೇಳಿದ್ದು ಅರ್ಧ. ವಿವರಗಳಲ್ಲಿ ತಪ್ಪು ನುಸುಳಿದ್ದರೆ ಓದುಗರು ಮನ್ನಿಸಬೇಕು. ಇನ್ನೊಂದು ದೋಷ ನನ್ನ ಸ್ವಭಾವದ್ದು. ಇದ್ದದ್ದನ್ನು ಇದ್ದ ಹಾಗೆ ಬರೆಯಲು ನನಗೆ ಧೈರ್ಯ ಸಾಲದು, ಒಂದು ಮೆಟ್ಟಿಲು ಮೇಲಕ್ಕೆತ್ತಿ ಬರೆಯುತ್ತೇನೆ. ಆ ದೋಷ ಇಲ್ಲಿ ಉಳಿಯಬಾರದೆಂದು ಈ ಬರಹವನ್ನು ಎರಡು ಸಲ ತಿದ್ದಿದ್ದೇನೆ.

ಅಪ್ಪ ಆ ಸ್ಟುಡಿಯೋದ ಬೆಂಗಳೂರು ಶಾಖೆಯಲ್ಲಿ ಮೂವತ್ತೊಂದು ವರ್ಷ ಫಿಲ್ಮ್ ಚೆಕರ್ ಆಗಿದ್ದರು. ಈ ಕೆಲಸ ಈಗ ಇಲ್ಲವಾದ್ದರಿಂದ ಸ್ವಲ್ಪ ವಿವರಿಸಬೇಕು. ಆ ಕಾಲದಲ್ಲಿ ದೊಡ್ಡ ಸ್ಟುಡಿಯೋಗಳು ಚಿತ್ರವನ್ನು ತಯಾರಿಸಿ ಬೇರೆಯವರ ಕೈಗೆ ಒಪ್ಪಿಸುತ್ತಿರಲಿಲ್ಲ. ದೇಶದೇಶಗಳಲ್ಲಿ ತಮ್ಮದೇ ಕಚೇರಿ ತೆರೆದು, ಪ್ರಿಂಟುಗಳನ್ನು ತಮ್ಮ ವಶದಲ್ಲೇ ಇಟ್ಟುಕೊಂಡು, ಚಿತ್ರಮಂದಿರಗಳಿಗೆ ವಾರದ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದವು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಮೊದಲು ಓಡಿದ ಪ್ರಿಂಟು ತಗಡಿನ ಪೆಟ್ಟಿಗೆಯಲ್ಲಿ ರೈಲು ಹತ್ತಿ ಮೈಸೂರಿಗೆ, ಕೋಲಾರದ ಚಿನ್ನದ ಗಣಿಗೆ, ಹುಬ್ಬಳ್ಳಿಗೆ ಹೋಗಿ, ಗೀರು ಬಿದ್ದು, ಹರಿದು, ಮರಳಿ ಬರುತ್ತಿತ್ತು. ಬಂದ ಪ್ರತಿ ರೀಲನ್ನೂ ಅಪ್ಪ ಕೈಯಿಂದ ತಿರುಗಿಸುವ ಯಂತ್ರಕ್ಕೆ ಹಾಕಿ, ಅದರ ಅಂಚನ್ನು ಎಡಗೈಯ ಎರಡು ಬೆರಳುಗಳ ನಡುವೆ ಹಾಯಿಸುತ್ತಿದ್ದರು. ಯಂತ್ರದ ಹಲ್ಲು ಸಿಕ್ಕುವ ಅಂಚಿನ ರಂಧ್ರ ಎಲ್ಲಿ ಹರಿದಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಅಲ್ಲಿ ಕತ್ತರಿಸಿ, ಅಂಟು ಹಚ್ಚಿ ಜೋಡಿಸಿ, ಪ್ರಿಂಟಿನ ಜೊತೆಯಲ್ಲಿರುವ ಕಾರ್ಡಿನಲ್ಲಿ ಅದನ್ನು ಬರೆದು, ಕೆಳಗೆ ತಮ್ಮ ಹೆಸರಿನ ಎರಡು ಇಂಗ್ಲಿಷ್ ಅಕ್ಷರಗಳನ್ನು ಹಾಕುತ್ತಿದ್ದರು.

ಅವಧಿ ಮುಗಿದ ಪ್ರಿಂಟನ್ನು ಯಾರೂ ಕದ್ದು ಪ್ರದರ್ಶಿಸಬಾರದೆಂದು ಕೊಡಲಿಯಿಂದ ಕಡಿದುಹಾಕಬೇಕೆಂಬುದು ಕಂಪನಿಯ ನಿಯಮ. ಅದೂ ಅಪ್ಪನ ಪಾಲಿನ ಕೆಲಸವೇ. ಆ ದಿನಗಳಲ್ಲಿ ಅವರು ಮನೆಗೆ ಬಂದವರು ನೇರವಾಗಿ ಬಚ್ಚಲಿಗೆ ಹೋಗಿ, ತಲೆಗೆ ಸ್ನಾನ ಮಾಡಿಯೇ ಊಟಕ್ಕೆ ಕೂರುತ್ತಿದ್ದರು. ಅಮ್ಮ ಏನೂ ಕೇಳದೆ ಬಡಿಸುತ್ತಿದ್ದರು.

ಅಮೆರಿಕದಲ್ಲಿ ಆ ಸ್ಟುಡಿಯೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾರಾಟವಾಗುತ್ತಾ ಹೋಯಿತು. ಸಿನಿಮಾಕ್ಕೆ ಸಂಬಂಧವೇ ಇಲ್ಲದ ವ್ಯಾಪಾರದವರು ಅದನ್ನು ಕೊಂಡರು, ಬೇಡವಾದಾಗ ಮಾರಿದರು. ಬೆಂಗಳೂರಿನ ಕಚೇರಿಯ ಕಾಗದಗಳ ತಲೆಬರಹ ಮೂರು ಸಲ ಬದಲಾಯಿತು. ಅಪ್ಪ ಕೂರುತ್ತಿದ್ದ ಮರದ ಸ್ಟೂಲು ಮಾತ್ರ ಅದೇ ಇತ್ತು. ಆಮೇಲೆ ವಿಡಿಯೋ ಕ್ಯಾಸೆಟ್ಟು ಬಂತು, ಕೇಬಲ್ ಬಂತು. ಶಾಖೆ ಮುಚ್ಚಿತು.

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಸಾಲಿನ ಮುಂದೆ ನಾನು ಬರೆದದ್ದು ‘ಅಮೆರಿಕನ್ ಚಲನಚಿತ್ರ ಸಂಸ್ಥೆಯಲ್ಲಿ ಅಧಿಕಾರಿ’ ಎಂದು. ಅಪ್ಪನ ಅಂಗಿಯಿಂದ ಬರುತ್ತಿದ್ದ ಅಂಟಿನ ವಾಸನೆ, ಉಗುರುಬಣ್ಣ ಅಳಿಸುವ ದ್ರವದಂಥದ್ದು, ಗೆಳತಿಯರ ಮೂಗಿಗೆ ಬಡಿಯದಿರಲೆಂದು ಅಪ್ಪನನ್ನು ಕಾಲೇಜಿನ ಬಾಗಿಲಿಗೆ ಬರಗೊಡುತ್ತಿರಲಿಲ್ಲ. ಮದುವೆಗೆ ಜಾತಕದ ಜೊತೆ ಕಳಿಸಿದ ಕಾಗದದಲ್ಲೂ ‘ಅಧಿಕಾರಿ’ ಎಂದೇ ಇತ್ತು. ಅದನ್ನು ಟೈಪ್ ಮಾಡಿಸಿ ತಂದವಳು ನಾನು. ಅಪ್ಪ ಓದಿ, ಮಡಿಸಿ, ಲಕೋಟೆಗೆ ಹಾಕಿಕೊಟ್ಟರು.

ಅಮ್ಮ ತೀರಿಕೊಂಡ ಮರುವರ್ಷ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗ, ಅಪ್ಪ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ, ನಮ್ಮಲ್ಲಿಗೆ ಬಂದರು. ಬೆಂಗಳೂರಿನಲ್ಲಿ ಅವರು ನನ್ನ ಅಣ್ಣನ ಮನೆಯಲ್ಲಿದ್ದರು. ನಾವು ಅಲ್ಲಿನ ವಾಯವ್ಯ ಮೂಲೆಯ ಊರೊಂದರ ಬಡಾವಣೆ ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು: ನಾನು, ಧಾರವಾಡದ ಕಡೆಯವರಾದ ನನ್ನ ಯಜಮಾನರು, ಏಳು ವರ್ಷದ ಮಗಳು. ಪಕ್ಕದ ಊರು ರೆಡ್ಮಂಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸ ಬೇರೆಯವರು ಬರೆದ ಇಂಗ್ಲಿಷ್ ಕೈಪಿಡಿಗಳ ತಪ್ಪು ತಿದ್ದುವುದು. ಒಂದು ಅಲ್ಪವಿರಾಮ ತಪ್ಪಿದರೂ ಜನ ನನ್ನ ಊರನ್ನು, ಶಾಲೆಯನ್ನು, ಮನೆಯನ್ನು ಕಂಡುಹಿಡಿದುಬಿಡುತ್ತಾರೆ ಎಂಬ ಹೆದರಿಕೆಯಲ್ಲಿ ಆ ಕೆಲಸ ಮಾಡುತ್ತಿದ್ದೆ.

ಅಪ್ಪನಿಗೆ ಹೊತ್ತು ಹೋಗಲೆಂದು ಯಜಮಾನರು ಆ ಸ್ಟುಡಿಯೋದ ಹಳೆಯ ಚಿತ್ರವೊಂದರ ಡಿವಿಡಿಯನ್ನು ಬಾಡಿಗೆಗೆ ತಂದರು. ಅಪ್ಪ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅದರ ಅಂಚನ್ನು ಎರಡು ಬೆರಳಲ್ಲಿ ಸವರಿದರು.

“ಇದರಲ್ಲಿ ಪಿಚ್ಚರ್ ಪೂರ್ತಿ ಇದ್ಯಾ?”

“ಪೂರ್ತಿ ಐತ್ರೀ ಮಾವಾರ. ಮ್ಯಾಲೆ ಹೆಂಗ ತಗದ್ರು ಅಂತ ತೋರಸೋದೂ ಐತಿ,” ಎಂದರು ಯಜಮಾನರು.

“ಹನ್ನೆರಡು ರೀಲು. ನಾಲ್ಕು ಪೆಟ್ಟಿಗೆ. ಹಮಾಲಿ ಬೈಕೊಂಡು ಎತ್ತೋನು,” ಎಂದು ಅಪ್ಪ ನಕ್ಕರು. ಚಿತ್ರ ನೋಡುತ್ತಾ ನೋಡುತ್ತಾ ಅವರಿಗೆ ನಿದ್ದೆ ಬಂತು. ಎದ್ದ ಮೇಲೆ, ಇದರಲ್ಲಿ ಒಂದು ಗೀರೂ ಇಲ್ಲ, ಯಾವ ಊರಿಗೂ ಹೋಗಿಬಂದ ಹಾಗೆ ಕಾಣಲಿಲ್ಲ ಎಂದರು.

ಹತ್ತಿರದ ಡುವಾಲ್ ಊರಿನ ಕಡೆಗೆ ಹೋಗುವ ದಾರಿಯಲ್ಲಿ ಆಗ ಒಂದು ಹಳೆಯ ಚಿತ್ರಮಂದಿರವಿತ್ತು. ಶನಿವಾರ ಮಧ್ಯಾಹ್ನ ಹಳೆಯ ಚಿತ್ರಗಳನ್ನು ಫಿಲ್ಮಿನಲ್ಲೇ ತೋರಿಸುತ್ತಿದ್ದರು. ಒಂದು ಶನಿವಾರ ನಾವು ನಾಲ್ವರೂ ಹೋದೆವು. ಪರದೆಯ ಮೇಲೆ ಸ್ಟುಡಿಯೋದ ಲಾಂಛನ ಬಂದಾಗ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಮಗಳ ಕಿವಿಯಲ್ಲಿ, “ನೋಡು, ಈಗ,” ಎಂದರು. ಪರದೆಯ ಮೇಲ್ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿನುಗಿ ಮಾಯವಾಯಿತು. ಒಂದು ರೀಲು ಮುಗಿದು, ಪಕ್ಕದ ಯಂತ್ರದಲ್ಲಿ ಇನ್ನೊಂದು ಆರಂಭವಾಗುವ ಗುರುತು ಅದು. ಪ್ರತಿ ಸಲವೂ ಅವರು ಚುಕ್ಕೆಗಿಂತ ಮೊದಲೇ “ಈಗ” ಎನ್ನುತ್ತಿದ್ದರು.

“ತಾತ, ಹೌ ಡು ಯು ನೋ?” ಎಂದಳು ಮಗಳು.

“ಕನ್ನಡದಲ್ಲಿ ಕೇಳು, ಹೇಳ್ತೀನಿ.”

ಅವಳು ಸ್ವಲ್ಪ ಯೋಚಿಸಿ, “ಹೇಗೆ ಗೊತ್ತು ತಾತ?” ಎಂದಳು.

“ಸೀನು ದಣಿಯುತ್ತಮ್ಮ. ಮುಗಿಯೋ ಹೊತ್ತಿಗೆ ಒಂಥರಾ ದಣಿಯುತ್ತೆ.”

ಆಟ ಮುಗಿದ ಮೇಲೆ ಅಪ್ಪ ಮೇಲಿನ ಕೋಣೆಯನ್ನು ನೋಡಬೇಕೆಂದರು. ಪ್ರೊಜೆಕ್ಟರ್ ನಡೆಸುವವರು ಎಪ್ಪತ್ತರ ಆಸುಪಾಸಿನ ಒಬ್ಬ ಬಿಳಿಯ ಹಿರಿಯರು. ನಾನು ಪರಿಚಯ ಹೇಳಲು ಬಾಯಿ ತೆರೆಯುವ ಮೊದಲೇ ಅಪ್ಪ ಮೇಜಿನ ಮೇಲಿದ್ದ ರೀಲಿನ ಅಂಚನ್ನು ಬೆರಳಲ್ಲಿ ಹಿಡಿದಾಗಿತ್ತು. ಅವರು ಅಪ್ಪನ ಕೈಯನ್ನು ನೋಡಿ ಸುಮ್ಮನೆ ಸರಿದು ಜಾಗ ಬಿಟ್ಟರು. ಒಂದು ಕಡೆ ಅಪ್ಪನ ಬೆರಳು ನಿಂತಿತು. ಅಲ್ಲಿ ಒಂದು ಹಳೆಯ ಜೋಡಣೆ ಬಿಡುತ್ತಿತ್ತು. ಆ ಹಿರಿಯರು ಕನ್ನಡಕ ಹಾಕಿಕೊಂಡು ಬಾಗಿ ನೋಡಿ, ಅಪ್ಪನ ಬೆನ್ನು ತಟ್ಟಿದರು. ಬಳಿಕ ಹೊಸ ಬಗೆಯ ಫಿಲ್ಮಿನ ಒಂದು ತುಂಡನ್ನು ಕೈಗಿತ್ತು, ಹರಿದು ನೋಡಿ ಎಂದು ಸನ್ನೆ ಮಾಡಿದರು. ಅಪ್ಪ ಎರಡೂ ಕೈಯಿಂದ ಎಳೆದರು. ಅದು ಹರಿಯಲಿಲ್ಲ.

“ಇದು ಹರಿಯೋದೇ ಇಲ್ಲ ಕಣಮ್ಮ,” ಎಂದು ನನ್ನ ಕಡೆ ತಿರುಗಿದರು. “ಇನ್ನು ನಮ್ಮಂಥೋರು ಯಾಕೆ ಬೇಕು?”

ಇನ್ನು ಕೆಲವು ವರ್ಷಗಳಲ್ಲಿ ಫಿಲ್ಮೇ ಇರುವುದಿಲ್ಲ, ಎಲ್ಲ ಕಂಪ್ಯೂಟರಿನಲ್ಲಿ ಬರುತ್ತದೆ, ಎಂದರು ಆ ಹಿರಿಯರು. ಅಪ್ಪ ಯಾವ ಕಂಪನಿಯಲ್ಲಿದ್ದರೆಂದು ತಿಳಿದಾಗ ಅವರಿಗೆ ಒಂದು ವಿಷಯ ನೆನಪಾಯಿತು. ಆ ಸ್ಟುಡಿಯೋದ ದಾಖಲೆಗಳ ವಿಭಾಗದವರು ಹೊರದೇಶದ ಶಾಖೆಗಳಲ್ಲಿ ದುಡಿದವರನ್ನು ಹುಡುಕುತ್ತಿದ್ದಾರಂತೆ. ಪತ್ರ ಬರೆದು ಸೇವೆಯ ವಿವರ ತಿಳಿಸಿದರೆ, ಹೌದೆಂದು ಖಚಿತಪಡಿಸಿಕೊಂಡು, ಆಗಸ್ಟ್ ತಿಂಗಳ ಒಂದು ದಿನ ಲಾಸ್ ಏಂಜಲೀಸಿಗೆ ಕರೆಸಿ ಸ್ಟುಡಿಯೋದ ಒಳಗೆಲ್ಲ ತೋರಿಸುತ್ತಾರಂತೆ.

ಅಪ್ಪ ಎಂದೂ ಏನನ್ನೂ ಬೇಕೆಂದು ಕೇಳಿದವರಲ್ಲ. ಅಂದು ಕಾರಿನಲ್ಲಿ ಕೇಳಿದರು. “ಮೂವತ್ತೊಂದು ವರ್ಷ ಆ ಸ್ಟುಡಿಯೋ ಗೇಟಿನ ಫೋಟೋ ನನ್ನ ಟೇಬಲ್ ಮೇಲಿತ್ತು, ಕ್ಯಾಲೆಂಡರ್‌ನಲ್ಲಿ. ಒಂದ್ಸಲ ಒಳಗೆ ಹೋಗಿ ಬರಬಹುದೇನಮ್ಮ? ದುಡ್ಡು ಕೊಟ್ಟು ನೋಡೋರ ಜೊತೆ ಬೇಡ. ಕೆಲಸದೋನು ಅಂತ.”

ಮರುದಿನ ಬೆಳಿಗ್ಗೆ ಊಟದ ಮೇಜಿನ ಮುಂದೆ ಕುಳಿತು ಅವರು ಹೇಳಿದರು, ನಾನು ಕಂಪ್ಯೂಟರಿನಲ್ಲಿ ಬರೆದೆ. ಯಜಮಾನರು ಅಲ್ಲೇ ಮಗಳ ತಲೆ ಬಾಚುತ್ತಿದ್ದರು.

“ಫಿಲ್ಮ್ ಚೆಕರ್, ಬೆಂಗಳೂರು ಡಿಪೋ ಅಂತ ಹಾಕು. ಮೂವತ್ತೊಂದು ವರ್ಷ. ಅಷ್ಟೇ ಸಾಕು.”

ಯಜಮಾನರ ಎದುರಿಗೆ ಆ ಮಾತು ಕೇಳಿ ನನ್ನ ಮುಖ ಬಿಸಿಯಾಯಿತು. ಮದುವೆಯ ಕಾಗದದಲ್ಲಿ ಇದ್ದದ್ದು ಬೇರೆ. ಅವರು ತಲೆ ಎತ್ತಲಿಲ್ಲ. ಕೇಳಿಸಲಿಲ್ಲವೆಂದು ನಾನು ಸಮಾಧಾನ ಮಾಡಿಕೊಂಡೆ. ‘ಪ್ರಿಂಟ್ ಗುಣಮಟ್ಟ ವಿಭಾಗದ ಮೇಲ್ವಿಚಾರಕ’ ಎಂಬರ್ಥದ ಒಳ್ಳೆಯ ಇಂಗ್ಲಿಷ್ ಪದಗಳನ್ನು ಆರಿಸಿ ಟೈಪ್ ಮಾಡಿದೆ. ಒಬ್ಬ ಚೆಕರ್‌ನನ್ನು ಹಾಲಿವುಡ್ಡಿನವರು ಏಕೆ ಕರೆಯುತ್ತಾರೆ, ಮೇಲ್ವಿಚಾರಕ ಎಂದರೆ ಕರೆದಾರು ಎಂದೂ ಅನ್ನಿಸಿತ್ತು. ಅದು ಸುಳ್ಳಲ್ಲ, ಸರಿಯಾದ ಭಾಷೆ, ಎಂದು ನನಗೆ ನಾನೇ ಹೇಳಿಕೊಂಡೆ. ದಿನವೂ ನಾನು ಮಾಡುತ್ತಿದ್ದ ಕೆಲಸವೇ ಅದಾಗಿತ್ತು.

ಐದು ವಾರಗಳ ನಂತರ ಉತ್ತರ ಬಂತು. ಬಹಳ ಸೌಜನ್ಯದ ಪತ್ರ. ನಮ್ಮ ಬೆಂಗಳೂರು ಶಾಖೆಯಲ್ಲಿ ಅಂತಹ ವಿಭಾಗವಾಗಲಿ ಹುದ್ದೆಯಾಗಲಿ ಇದ್ದದ್ದಕ್ಕೆ ದಾಖಲೆ ಇಲ್ಲ, ಅಧಿಕಾರಿಗಳ ಪಟ್ಟಿಯಲ್ಲಿ ತಮ್ಮ ಹೆಸರು ದೊರೆಯಲಿಲ್ಲ, ವಿಷಾದಿಸುತ್ತೇವೆ, ಎಂದಿತ್ತು.

ಅಪ್ಪನಿಗೆ ನಾನು ಕೊನೆಯ ವಾಕ್ಯವನ್ನಷ್ಟೇ ಓದಿ ಹೇಳಿದೆ. ಹೆಸರು ಸಿಗಲಿಲ್ಲವಂತೆ ಎಂದೆ.

“ಹೂಂ,” ಎಂದರು. “ಕಾರ್ಡೆಲ್ಲ ಕೊನೆಗೆ ಸೀಲ್ ಹೊಡೆದು ಹೆಡ್ಡಾಫೀಸಿಗೆ ಕಳಿಸ್ತಿದ್ವಿ. ಒಂದೂ ತಪ್ಪಿಸಿಲ್ಲ. ಎಲ್ಲಾ ಬಿಸಾಕಿರ್ತಾರೆ ಬಿಡು. ಎಷ್ಟು ಜನ ಕೊಂಡ್ಕೊಂಡ್ರು, ಎಷ್ಟು ಜನ ಮಾರಿದ್ರು. ಎಲ್ಲಿ ಇಟ್ಕೊಂಡಿರ್ತಾರೆ.”

ಆ ಕ್ಷಣವೇ ನಾನು ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಅಂದಿನಿಂದ ಅಪ್ಪ ಮಗಳ ಜೊತೆ ಸಿನಿಮಾ ಮಾತು ಆಡುವುದನ್ನು ಬಿಟ್ಟರು. ಶನಿವಾರ ಹೋಗೋಣವೇ ಎಂದು ಯಜಮಾನರು ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದರು. ಮಧ್ಯಾಹ್ನ ಮನೆಯ ಹತ್ತಿರದ ಮಾಲಿನಲ್ಲಿ ಚದುರಂಗ ಆಡುವ ಮುದುಕರ ಪಕ್ಕ ಕುಳಿತು ಬರುತ್ತಿದ್ದರು. ಅಪ್ಪನಿಗೆ ಚದುರಂಗ ಬರುತ್ತಿರಲಿಲ್ಲ. ಮೂವತ್ತೊಂದು ವರ್ಷ ತಾವು ಹಾಕಿದ ಅಕ್ಷರಗಳನ್ನು ಯಾರೂ ನೋಡಿರಲಿಲ್ಲ ಎಂದು ಅವರು ನಂಬಿದ್ದರು. ಹಾಗೆ ನಂಬಿಸಿದವಳು ನಾನು.

ಆಗಸ್ಟಿನ ಆ ದಿನ ಕಳೆದುಹೋಯಿತು. ಅದರ ಮರುವಾರ ಅಪ್ಪ, ಪ್ರೊಜೆಕ್ಟರಿನ ಹಿರಿಯರಿಗೆ ತೋರಿಸಬೇಕು, ನಾವು ಬರೆದದ್ದರ ಪ್ರತಿ ಕೊಡು ಎಂದು ಕೇಳಿದರು. ನೆಪ ಹೇಳಲು ತೋಚದೆ ಕೊಟ್ಟೆ. ಅಪ್ಪನಿಗೆ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಬೆರಳನ್ನು ಸಾಲಿನ ಕೆಳಗೆ ಹಾಯಿಸುತ್ತಾ ಓದಿದರು. ಒಂದು ಕಡೆ ಬೆರಳು ನಿಂತಿತು.

“ಈ ಸೂಪರ್‌ವೈಸರ್ ಯಾರಮ್ಮ?”

ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ.

“ನಮ್ಮಲ್ಲಿ ಅಂಥೋರು ಯಾರೂ ಇರಲಿಲ್ಲ. ಮ್ಯಾನೇಜರ್ರು, ಬುಕಿಂಗ್ ಗುಮಾಸ್ತರು, ಆಮೇಲೆ ನಾನು. ಇವನನ್ನ ಹುಡುಕಿದ್ರೆ ಅವರಿಗೆ ಹೇಗೆ ಸಿಗ್ತಾನೆ?”

“ಚೆನ್ನಾಗಿರಲಿ ಅಂತ ಬರೆದೆ ಅಪ್ಪ.”

“ಚೆಕರ್ ಅಂದ್ರೆ ಚೆನ್ನಾಗಿಲ್ವಾ?”

ಬೈಯುವ ದನಿ ಇರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ ಹಾಗಿತ್ತು. ನನಗೆ ಅಳು ಬಂತು. ಅಡುಗೆಮನೆಯಿಂದ ಯಜಮಾನರು ಬಂದು ನಿಂತರು. ಅವರ ಮುಂದೆಯೇ ನಾನು ಎಲ್ಲ ಹೇಳಿದೆ. ಕಾಲೇಜಿನ ಅರ್ಜಿಯಿಂದ ಮದುವೆಯ ಕಾಗದದ ತನಕ.

“ನನಗ ಗೊತ್ತಿತ್ತಲ್ಲ,” ಎಂದರು ಯಜಮಾನರು. “ನಿಶ್ಚಿತಾರ್ಥದ ದಿನಾನ ಮಾವಾರು ನನ್ನ ಬಾಜೂಕ ಕರದು ಹೇಳಿದ್ರು. ಹುಡುಗಿ ಹಿಂಗ ಬರದಾಳ, ನಾ ಆಫೀಸರ್ ಅಲ್ಲ, ಫಿಲಂ ಚೆಕ್ ಮಾಡಾಂವ, ಅಂತ. ನಿನಗ ಹೇಳಬ್ಯಾಡ ಅಂದಿದ್ರು.”

ನಾನು ಅಪ್ಪನ ಕಡೆ ನೋಡಿದೆ.

“ಮತ್ತೆ, ಸುಳ್ಳು ಹೇಳಿ ಮಗಳನ್ನ ಕೊಡಕ್ಕಾಗುತ್ತಾ?” ಎಂದರು ಅಪ್ಪ. “ನಿಂಗೆ ಬೇಜಾರಾಗೋದು ಬೇಡ ಅಂತ ಸುಮ್ನಿದ್ದೆ.”

ಅಂದೇ ಮತ್ತೊಂದು ಪತ್ರ ಬರೆದೆ. ಈ ಸಲ ಅವರು ಹೇಳಿದ್ದಷ್ಟನ್ನೇ ಬರೆದೆ. ನನ್ನ ಇಂಗ್ಲಿಷಿಗೆ ಆ ಪತ್ರ ಬಡವಾಗಿ ಕಂಡಿತು. ಒಂದು ಪದವನ್ನೂ ತಿದ್ದಲಿಲ್ಲ. ಅಪ್ಪ ಕಾರ್ಡುಗಳಲ್ಲಿ ಹಾಕುತ್ತಿದ್ದ ಎರಡು ಅಕ್ಷರಗಳನ್ನು ಕೆಳಗೆ ಕೈಯಿಂದ ಬರೆದುಕೊಟ್ಟರು.

ಉತ್ತರ ಬರುವ ಮೊದಲೇ ಆರು ತಿಂಗಳು ಮುಗಿಯಿತು, ಅಪ್ಪ ಬೆಂಗಳೂರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಮಗಳು ಅವರ ಎಡಗೈ ಬೆರಳುಗಳನ್ನು ಹಿಡಿದುಕೊಂಡು, “ತಾತ, ಮತ್ತೆ ಬಾ,” ಎಂದಳು. ಅವಳಿಗೆ ಬಹುವಚನ ಕಲಿಸಬೇಕೆಂದು ನಾನು ಬಾಯಿ ತೆರೆದೆ. ಅಪ್ಪ ಬೇಡವೆಂದು ಕಣ್ಣಲ್ಲೇ ಹೇಳಿದರು.

ಅವರು ಹೋದ ಎರಡು ವಾರಕ್ಕೆ ದಪ್ಪ ಲಕೋಟೆ ಬಂತು. ಶಾಖೆಗಳ ಫಿಲ್ಮ್ ಚೆಕರ್‌ಗಳ ಪಟ್ಟಿ ಬೇರೆಯೇ ಇದೆ, ಅದರಲ್ಲಿ ತಮ್ಮ ಹೆಸರಿದೆ. ಅಕ್ಷರಗಳಿಂದ ಗುರುತಿಸಲು ಸುಲಭವಾಯಿತು. ಮುಂದಿನ ವರ್ಷ ಯಾವ ದಿನವಾದರೂ ಬನ್ನಿ, ತಮ್ಮನ್ನು ನಾವೇ ಕರೆದೊಯ್ದು ತೋರಿಸುತ್ತೇವೆ, ಎಂದಿತ್ತು. ಜೊತೆಯಲ್ಲಿ ಒಂದು ಪ್ರಿಂಟಿನ ಕಾರ್ಡಿನ ನಕಲು. ಹುಬ್ಬಳ್ಳಿಯಿಂದ ಮರಳಿದ ಪ್ರಿಂಟು. ಮೂರನೆಯ ರೀಲಿನಲ್ಲಿ ಒಂದು ಜೋಡಣೆ. ಕೆಳಗೆ ಆ ಎರಡು ಅಕ್ಷರ.

ಬೆಂಗಳೂರಿನಲ್ಲಿ ಬೆಳಗಾಗುವುದನ್ನು ಕಾದು ಫೋನ್ ಮಾಡಿದೆ.

“ಚೆಕರ್ ಅಂತಾನೇ ಇದ್ಯಾ?” ಎಂದರು.

“ಚೆಕರ್ ಅಂತಾನೇ ಇದೆ ಅಪ್ಪ.”

“ಯಾವ ರೀಲು ಅಂದೆ?”

“ಮೂರನೇದು.”

“ಹುಬ್ಬಳ್ಳಿ ಮಷೀನು ಮೂರನೇ ರೀಲೇ ಕಚ್ಚೋದು. ಎಷ್ಟು ಸಲ ಹೇಳಿದೀನಿ ಅವರಿಗೆ,” ಎಂದು ಬಹಳ ಹೊತ್ತು ನಕ್ಕರು. ಬೇಸಿಗೆಯಲ್ಲಿ ಬರುತ್ತೇನೆ, ಟಿಕೆಟ್ ಮಾಡಿಸು ಎಂದರು.

ಫೆಬ್ರವರಿಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಎದ್ದೇಳಲಿಲ್ಲ. ನಾನು ಬೆಂಗಳೂರು ತಲುಪುವ ಹೊತ್ತಿಗೆ ಅಣ್ಣ ಅಂತ್ಯಸಂಸ್ಕಾರ ಮುಗಿಸಿದ್ದ. ವೈಕುಂಠ ಸಮಾರಾಧನೆಯ ಕರೆಯೋಲೆಯ ಕರಡಿನಲ್ಲಿ ಅವನು ಅಪ್ಪನ ಹೆಸರಿನ ಕೆಳಗೆ ‘ನಿವೃತ್ತ ಅಧಿಕಾರಿಗಳು’ ಎಂದು ಬರೆಸಿದ್ದ. ಅದನ್ನು ಅವನು ಕಲಿತದ್ದು ನನ್ನಿಂದಲೇ. ನಾನು ಆ ಪದವನ್ನು ಹೊಡೆದು ‘ನಿವೃತ್ತ ಫಿಲ್ಮ್ ಚೆಕರ್’ ಎಂದು ಬರೆದೆ.

“ಜನ ಏನಂತಾರೆ ಕಣೇ?” ಎಂದ ಅಣ್ಣ.

“ಅಪ್ಪನ್ನ ಹುಡುಕ್ಕೊಂಡು ಬರೋರಿಗೆ ಸಿಗಲಿ,” ಎಂದೆ.

ಸ್ಟುಡಿಯೋದವರಿಗೆ ನಾನು ಪತ್ರ ಬರೆದು ಅಪ್ಪ ತೀರಿಕೊಂಡದ್ದನ್ನು ತಿಳಿಸಿದೆ. ಅವರ ಪರವಾಗಿ ತಾವು ಬರಬಹುದು ಎಂದು ಉತ್ತರಿಸಿದರು. ನಾವು ಹೋಗಲಿಲ್ಲ. ಆ ಗೇಟಿನೊಳಗೆ ಕೆಲಸದವನಾಗಿ ಹೋಗಬೇಕೆಂದವರು ಅಪ್ಪ. ನಾವು ಹೋದರೆ ನೋಡುವವರ ಜೊತೆ ಹೋದ ಹಾಗೆಯೇ.

ಆಮೇಲೆ ನಮ್ಮ ಮನೆಯಲ್ಲಿ ಬದಲಾದದ್ದನ್ನು ಹೇಳಿ ಮುಗಿಸುತ್ತೇನೆ. ಧಾರವಾಡದ ಅತ್ತೆಗೆ ನಾನೇ ಫೋನಿನಲ್ಲಿ ಅಪ್ಪನ ನಿಜವಾದ ಹುದ್ದೆಯನ್ನು ಹೇಳಿದೆ. ಅವರು ಒಂದೆರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಮಾತಾಡಿದರು. ಡುವಾಲ್ ದಾರಿಯ ಚಿತ್ರಮಂದಿರಕ್ಕೆ ನಾವು ಮತ್ತೆ ಹೋಗಲಿಲ್ಲ. ಮರುವರ್ಷ ಅದು ಮುಚ್ಚಿತು. ಬೆಂಗಳೂರಿಗೆ ಪ್ರತಿ ವರ್ಷ ಹೋಗುತ್ತಿದ್ದವರು ಎರಡು ವರ್ಷಕ್ಕೊಮ್ಮೆ ಹೋಗತೊಡಗಿದೆವು. ಮಗಳು ತಾತನೊಡನೆ ಆಡುತ್ತಿದ್ದ ಅಷ್ಟಿಷ್ಟು ಕನ್ನಡವೂ ನಿಂತಿತು. ಈಗ ನಾವು ಕೇಳಿದ್ದು ಅವಳಿಗೆ ಅರ್ಥವಾಗುತ್ತದೆ. ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುತ್ತಾಳೆ.